ಅಣ್ಣ ತುಂಬಿದ ಎಣ್ಣೆ

“ಇದನ್ನ ಬಿಚ್ಚಿ ಅಂತ ನಿಮಗೆ ಹೇಳಿದ್ದು ಯಾರು?”

ಕಳಸದ ಜೀಪ್ ಗ್ಯಾರೇಜಿನ ಬಾಗಿಲಲ್ಲೇ ರುದ್ರಾಣಿ ನಿಂತುಬಿಟ್ಟಳು. ಮೇಜಿನ ಮೇಲೆ ಅವಳ ಅಣ್ಣ ಚನ್ನಬಸವನ ರಿಮೋಟ್ ಕಾರು. ಅದರ ಪುಟ್ಟ ಶಾಕ್‌ಅಬ್ಸಾರ್ಬರ್‌ಗಳು ಬಿಚ್ಚಿ ಬಿದ್ದಿದ್ದವು. ಪಕ್ಕದಲ್ಲಿ ಎಣ್ಣೆ ಒರೆಸಿದ ಬಟ್ಟೆ.

ಅಣ್ಣ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಕಾರು ನೆಗೆದು ಬಿದ್ದಾಗ ಕುಣಿಯಬಾರದೆಂದು ಆ ಶಾಕ್‌ಗಳಿಗೆ ಎಣ್ಣೆ ತುಂಬಿದ್ದು ಅವನೇ, ಆಸ್ಪತ್ರೆಗೆ ಹೋಗುವ ಹಿಂದಿನ ದಿನ. ಅವನ ಕೈ ಮಾಡಿದ ಕೊನೆಯ ಕೆಲಸ ಅದು. ಅದನ್ನು ಯಾರೂ ಮುಟ್ಟಕೂಡದೆಂದು ಹೇಳಿಯೇ, ಮುರಿದ ಚಕ್ರ ಬದಲಿಸಲು ಕಾರನ್ನು ಅಣ್ಣನ ಗೆಳೆಯ, ಗ್ಯಾರೇಜಿನ ನಂದನ್‌ಗೆ ಕೊಟ್ಟಿದ್ದಳು.

ಶಾಕ್‌ನ ರಬ್ಬರ್ ಸೀಲು ಹೋಗಿ ಎಣ್ಣೆ ಸೋರುತ್ತಿತ್ತೆಂದು ಅವನು ಹೇಳಲು ಹೊರಟ. ಕೇಳುವ ತಾಳ್ಮೆ ಅವಳಿಗೆಲ್ಲಿ?

“ಅವನು ಸತ್ತಾಗ್ಲೂ ನಿಮ್ಮ ಕಣ್ಣಲ್ಲಿ ನೀರು ಬರ್ಲಿಲ್ಲ. ನಿಮಗೇನು ಗೊತ್ತು?”

ನಂದನ್ ಬಿಚ್ಚಿದ ಶಾಕ್‌ಗಳನ್ನು ಬಟ್ಟೆಯ ಮೇಲೆ ಒಂದೊಂದಾಗಿ ಜೋಡಿಸತೊಡಗಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಮರಳುವ ಮೂಡಿಗೆರೆಯ ಬಸ್ಸು ಬಾಳೂರು ದಾಟುವಷ್ಟರಲ್ಲೇ ಅವಳಿಗೆ ಆಡಿದ್ದು ತಪ್ಪೆನಿಸಿತು. ಆದರೆ ಹಾಳು ಬಿಗುಮಾನ ಬಿಡಬೇಕಲ್ಲ! ಎರಡು ವರ್ಷದಿಂದ ಅವನನ್ನು ಮನಸ್ಸಿನಲ್ಲಿಟ್ಟುಕೊಂಡವಳು ತಿಂಗಳಿಡೀ ಅವನ ಫೋನು ಎತ್ತಲಿಲ್ಲ.

ಆಮೇಲೆ ಗೆಳೆಯರು ಬಾಳೂರಿನ ಎಸ್ಟೇಟೊಂದರ ಕಾಫಿ ಕಣದಲ್ಲಿ ಚನ್ನಬಸವನ ನೆನಪಿಗೆ ರಿಮೋಟ್ ಕಾರುಗಳ ಪಂದ್ಯ ಇಟ್ಟರು. ಅಣ್ಣನ ಕಾರು ಓಡಿಸಿದ್ದು ನಂದನ್. ರುದ್ರಾಣಿ ಬೇಲಿಯ ಹತ್ತಿರವೇ ನಿಂತಳು.

ಹಲಗೆಯಿಂದ ನೆಗೆದ ಕಾರು ನೆಲ ಮುಟ್ಟಿ, ಒಮ್ಮೆ ಕುಕ್ಕರಿಸಿ, ಕುಣಿಯದೆ ಓಡಿತು.

‘ಅಣ್ಣ ಓಡಿಸುವಾಗ ಹೀಗೇ ಇಳೀತಿತ್ತಲ್ಲ...’

ಪಂದ್ಯ ಮುಗಿದ ಮೇಲೆ ಅವಳೇ ಹೋಗಿ ಕೇಳಿದಳು. ಸೋರಿದ್ದು ಮೂರೇ ಶಾಕ್ ಅಂತೆ. ನಾಲ್ಕನೆಯದನ್ನು ಅವನು ಬಿಚ್ಚಿಯೇ ಇರಲಿಲ್ಲ. ಅದನ್ನು ಹೆಬ್ಬೆರಳಲ್ಲಿ ಒತ್ತಿ, ಎಷ್ಟು ನಿಧಾನಕ್ಕೆ ಮೇಲೇಳುತ್ತದೆಂದು ನೋಡಿ, ಉಳಿದವೂ ಹಾಗೇ ಏಳುವ ತನಕ ಎಣ್ಣೆ ಬದಲಿಸುತ್ತಲೇ ಇದ್ದನಂತೆ, ತಿಂಗಳಿಡೀ.

ನಂದನ್ ಜೇಬಿನಿಂದ ಕಣ್ಣಿನ ಔಷಧಿಯ ಸೀಸೆ ತೆಗೆದ. ತಳದಲ್ಲಿ ಕಪ್ಪಾದ ಎಣ್ಣೆಯಿತ್ತು.

“ಅವನು ತುಂಬಿದ್ರಲ್ಲಿ ಸೋರಿ ಉಳಿದಿದ್ದು ಇಷ್ಟೇ. ಒಂದು ಹನಿನೂ ಚೆಲ್ಲಿಲ್ಲ. ನಾನು ಅತ್ತಿಲ್ಲ ಅಂದ್ಯಲ್ಲ... ಅವತ್ತು ನಾನೂ ಅತ್ತಿದ್ರೆ ನಿನ್ನ ಹಿಡ್ಕೊಳ್ಳೋರು ಯಾರಿದ್ರು?”

ರುದ್ರಾಣಿಗೆ ಅಳು ಉಕ್ಕಿ ಬಂತು. “ತಪ್ಪಾಯ್ತು” ಎಂದು ಸೀಸೆಯನ್ನು ಅವನ ಕೈಗೇ ಮರಳಿಸಿದಳು.

“ಇದು ನಿಮ್ಮ ಹತ್ರಾನೇ ಇರ್ಲಿ. ನೋಡ್ಬೇಕು ಅನ್ಸಿದಾಗ ಬರ್ತೀನಿ.”

“ಯಾವಾಗ ಅನ್ಸುತ್ತೆ?”

“ದಿನಾ.”

“ದಿನಾ ಬಸ್ ಹತ್ತೋದು ಯಾಕೆ ಮಾರಾಯ್ತಿ?” ಅವನು ಸೀಸೆಯನ್ನು ಜೇಬಿಗಿಳಿಸಿದ. “ನಮ್ಮನೇಲೇ ಇದ್ದುಬಿಡು.”

ಅವಳು ಕಣ್ಣೊರೆಸಿಕೊಂಡಳು.

“ಹಾಗಾದ್ರೆ ಅಪ್ಪನ ಹತ್ರ ಬಂದು ಕೇಳಿ. ಬರುವಾಗ ಅಣ್ಣನ ಕಾರು ತಗೊಂಡೇ ಬನ್ನಿ.”