ಎಡಗೈ ಕೊಟ್ಟ ಮೇಷ್ಟ್ರು

'ನನ್ನ ದನಿ ತರಗತಿಯ ಕೊನೇ ಸಾಲಿಗೇ ಮುಟ್ಟೋದಿಲ್ಲ. ಇನ್ನು ಇಡೀ ಊರ ಮುಂದೆ ನಿಂತು ವರದಿ ಓದೋದು ಹೇಗೆ, ದೇವರೇ...'

ಸುನಂದ ತನಗೆ ತಾನೇ ಹೇಳಿಕೊಂಡಳು. ಬೇರೆ ಯಾರಿಗೆ ಹೇಳಿದರೂ ನಕ್ಕುಬಿಡುತ್ತಿದ್ದರು. ಹುಣಸೂರಿನ ಹುಡುಗಿ, ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳು, ಹನಗೋಡಿನ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ! ಅವಳಿಗೆ ಜನರೆದುರು ಬಾಯಿ ಬರುವುದಿಲ್ಲವೆಂದರೆ ಯಾರು ತಾನೇ ನಂಬಿಯಾರು?

ಅದು ಸಾವಿರದ ಒಂಬೈನೂರ ನಲವತ್ತಮೂರನೇ ಇಸವಿ. ಚಳಿ ಕಳೆದು ಬಿಸಿಲು ಏರತೊಡಗಿತ್ತು. ವರ್ಷದ ಕೊನೆಗೆ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆ ಎರಡೂ ಸೇರಿ ಬಹುಮಾನದ ದಿನ ನಡೆಸುವುದು ಊರಿನ ಪದ್ಧತಿ. ಹುಣಸೂರಿನಿಂದ ಅಮಲ್ದಾರರು ಬರುತ್ತಾರೆ. ಹೆಣ್ಣುಮಕ್ಕಳ ಶಾಲೆಯ ವರದಿಯನ್ನು ಈ ಸಲ ಸುನಂದಳೇ ಓದಬೇಕು.

ಅದಕ್ಕೇ ಸಂಜೆ ಶಾಲೆ ಬಿಟ್ಟ ಮೇಲೆ ಯಾರಿಗೂ ಹೇಳದೆ ಲಕ್ಷ್ಮಣತೀರ್ಥದ ದಂಡೆಗೆ ಬಂದಿದ್ದಳು. ಹೊಂಗೆ ಮರದ ಕೆಳಗೆ ನಿಂತು, ಕಾಗದ ಬಿಡಿಸಿ, ಹರಿಯುವ ನೀರಿಗೆ ಹೇಳಿದಳು.

"ಮಾನ್ಯ ಅಧ್ಯಕ್ಷರೇ..."

ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದಳು. ಮತ್ತೆ ಮೊದಲಿಂದ.

"ಮಾನ್ಯ ಅಧ್ಯಕ್ಷರೇ..."

"ಇನ್ನೊಂಚೂರು ಜೋರಾಗಿ ಓದಿ ಟೀಚರ್! ಇಲ್ಲಿಗೆ ಕೇಳಿಸ್ತಾ ಇಲ್ಲ!"

ದನಿ ಬಂದದ್ದು ನೆತ್ತಿಯ ಮೇಲಿಂದ! ಸುನಂದಳ ಕೈಯಿಂದ ಕಾಗದಗಳು ಜಾರಿದವು. ತಲೆಯೆತ್ತಿ ನೋಡಿದರೆ ಹೊಂಗೆಯ ಕವಲಿನಲ್ಲಿ ಒಬ್ಬ ಯುವಕ. ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫು, ಹೆಗಲಲ್ಲಿ ಹಗ್ಗದ ಸುರುಳಿ.

ಸುಯ್ಯನೆ ಹಗ್ಗ ಹಿಡಿದು ಇಳಿದವನು, ಅವಳು ಬಗ್ಗುವ ಮೊದಲೇ ಕಾಗದಗಳನ್ನು ಆರಿಸಿ ಮುಂದೆ ಚಾಚಿದ.

"ಹೆದರಿಸಿಬಿಟ್ನಾ? ತಪ್ಪಾಯ್ತು. ನಾನು ಬೆಟ್ಟಸ್ವಾಮಿ, ಗಂಡುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದೀನಿ. ಸ್ಕೌಟ್ ಹುಡುಗರು ಬಹುಮಾನದ ದಿನ ಹಗ್ಗದ ಸೇತುವೆ ಕಟ್ಟಿ ತೋರಿಸ್ಬೇಕು. ಅದಕ್ಕೆ ಮರ ನೋಡ್ತಿದ್ದೆ."

"ನೀ... ನೀವು ಎಷ್ಟು ಹೊತ್ತಿಂದ ಅಲ್ಲಿದ್ರಿ?"

"'ಮಾನ್ಯ ಅಧ್ಯಕ್ಷರೇ' ಅನ್ನೋದ್ರಿಂದ ಇದ್ದೀನಿ. ಅದರಿಂದ ಮುಂದಕ್ಕೆ ನೀವೂ ಹೋಗ್ಲಿಲ್ಲವಲ್ಲ!"

ಅವಮಾನದಿಂದ ಅವಳ ಕಣ್ಣು ತುಂಬಿಬಂತು. ಬೆಟ್ಟಸ್ವಾಮಿಯ ನಗು ತಟ್ಟನೆ ಆರಿತು.

"ಟೀಚರ್, ನಾನು ತಮಾಷೆಗೆ ಅಂದೆ... ಒಂದು ಕೆಲಸ ಮಾಡೋಣ. ನೀವು ಇಲ್ಲಿ ಓದಿ. ನಾನು ದೂರ ನಿಲ್ತೀನಿ. ಕೇಳಿಸಿದ್ರೆ ಬಾವುಟ ಎತ್ತುತ್ತೀನಿ. ಕೇಳಿಸದೇ ಇದ್ರೆ ಸುಮ್ಮನೆ ನಿಂತಿರ್ತೀನಿ. ನಿಮ್ಮ ಮುಖವನ್ನೂ ನೋಡೋಲ್ಲ, ಆಯ್ತಾ?"

ಬೇಡ ಎನ್ನುವುದಕ್ಕೂ ದನಿ ಬೇಕಲ್ಲ! ಅದೂ ಹೊರಡಲಿಲ್ಲ.

ಮಾರನೆಯ ಸಂಜೆಯಿಂದ ಅದೇ ನಡೆಯಿತು. ಮೊದಲು ಅವನು ಹತ್ತಿರದ ಬಂಡೆಯ ಹಿಂದೆ ನಿಂತ, ಬೆನ್ನು ತಿರುಗಿಸಿ. ಆಮೇಲೆ ಶಾಲೆಯ ಬಾವಿಯ ಹತ್ತಿರ. ಆಮೇಲೆ ಒಂದು ದಿನ ಮೊಣಕಾಲುದ್ದದ ನೀರು ದಾಟಿ ಆಚೆ ದಡಕ್ಕೇ ಹೋಗಿಬಿಟ್ಟ! ಸುನಂದ ಉಸಿರು ತುಂಬಿಕೊಂಡು ಓದಿದಳು. ಬಾವುಟ ಏಳಲಿಲ್ಲ. ಮತ್ತೆ ಓದಿದಳು. ಇಲ್ಲ. ಮೂರನೇ ಸಲ ಸಿಟ್ಟೇ ಬಂದು ಕೂಗಿದಳು. ಆಚೆ ದಡದಲ್ಲಿ ಕೆಂಪು ಬಾವುಟ ಮೇಲೆದ್ದಿತು!

'ಅದು ನನ್ನ ದನಿ... ನನ್ನದೇ!'

ಅಂದು ಮನೆಗೆ ಬಂದಾಗ ಅವಳ ಮುಖ ನೋಡಿ ದೊಡ್ಡತಾಯಮ್ಮ ಹುಬ್ಬೇರಿಸಿದಳು. ಸುನಂದ ಬಾಡಿಗೆಗಿದ್ದ ಮನೆಯ ಯಜಮಾನಿ ಆಕೆ.

"ಅದ್ಯಾರ್ಗವ್ವಾ ದಿನಾ ಒಳೆ ದಂಡೇಲಿ ಓದಿ ಏಳ್ತಿದ್ದೀಯೆ? ಮೀನ್ಗಳ್ಗಾ?"

"ವರದಿ ಅಭ್ಯಾಸ ಮಾಡ್ತಿದ್ದೀನಿ ದೊಡ್ಡತಾಯಮ್ಮ..."

"ಮಾಡು, ಮಾಡು. ಆ ಕಡೆ ದಡದ ಮೀನು ಬಾವುಟ ಬೇರೆ ಇಡ್ಕಂಡದಂತೆ! ಭೇರ್ಯದ ಗದ್ದೆ ಮನೆ ಹುಡ್ಗ ಕಣವ್ವಾ ಅವ್ನು. ನಮ್ಮ ಪೈಕಿನೇ. ಇಚಾರ್ಸಿವ್ನಿ."

ಸುನಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಎದೆಯೊಳಗೆ ಮಾತ್ರ ಬಾವುಟ ಇನ್ನೂ ಹಾರುತ್ತಿತ್ತು...

ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ.

ಸುನಂದಳ ಶಾಲೆಯಲ್ಲಿ ರಾಚಿ ಎಂಬ ಹುಡುಗಿಯಿದ್ದಳು. ಹೊಳೆಯಾಚೆ ಕೂಲಿಯವರ ಕೇರಿಯಿಂದ ಶಾಲೆಗೆ ಬಂದ ಮೊದಲ ಹೆಣ್ಣುಮಗು. ಈ ವರ್ಷ ಇಡೀ ಶಾಲೆಗೇ ಮೊದಲು ಬಂದವಳು ಅವಳೇ! ತಾಯಿ ಮರಮ್ಮ ಕಳೆ ಕೀಳುವ ಕೂಲಿಗೆ ಹೋಗುತ್ತ ಮಗಳನ್ನು ಓದಿಸುತ್ತಿದ್ದಳು. ಬೆಟ್ಟಸ್ವಾಮಿ ಅವಳನ್ನು ಸ್ಕೌಟ್ ದಳಕ್ಕೂ ಸೇರಿಸಿಕೊಂಡ, ಊರಿಗೆ ಮೊದಲ ಗೈಡ್ ಹುಡುಗಿಯಾಗಿ. ದಳಕ್ಕೆ ಸೇರುವಾಗ ಮಾಡುವ ಪ್ರತಿಜ್ಞೆ ಹುಡುಗರದೆಲ್ಲ ಕಾಡಂಚಿನ ಕ್ಯಾಂಪಿನಲ್ಲಿ ಮುಗಿದಿತ್ತು. ಊರಿನ ಕಣ್ಣೆದುರು ಆದದ್ದು ರಾಚಿಯದೇ ಮೊದಲು.

ಆ ದಿನ ಕೇರಿಯವರೆಲ್ಲ ಶಾಲೆಯ ಬಯಲಿಗೆ ಬಂದಿದ್ದರು. ರಾಚಿ ಒಂದಕ್ಷರ ತಪ್ಪದೆ ಪ್ರತಿಜ್ಞೆ ಹೇಳಿದಳು. ಬೆಟ್ಟಸ್ವಾಮಿ ಹೆಮ್ಮೆಯಿಂದ ಮುಂದೆ ಬಂದು ಕೈ ಚಾಚಿದ.

ಎಡಗೈ!

ಮರಮ್ಮನ ಮುಖ ಕಪ್ಪಿಟ್ಟಿತು. ದಡದಡನೆ ಬಂದವಳೇ ಮಗಳ ರಟ್ಟೆ ಹಿಡಿದಳು.

"ಬಾಮ್ಮೀ ಮನೆಗೆ!"

"ಅವ್ವಾ, ಬುಡವ್ವಾ..."

"ಬಾ ಅಂದ್ರೆ ಬಾ!"

ಹೋಗುವಾಗ ಸುನಂದಳ ಹತ್ತಿರ ಒಂದು ಕ್ಷಣ ನಿಂತಳು. "ಕೂಲಿ ಮಾಡೋರು ನಿಜ ಟೀಚರಮ್ಮ. ಆದ್ರೂ ಮಗೀಗೆ ಎಡಗೈ ಕೊಡೋದಾ? ಬೀದಿ ನಾಯಿಗೂ ಯಾರೂ ಎಡಗೈಲಿ ಅನ್ನ ಆಕಾಕಿಲ್ಲ..."

ಸುನಂದ ತಿರುಗಿ ನೋಡಿದಳು. ಬೆಟ್ಟಸ್ವಾಮಿ ಏನೂ ತಿಳಿಯದವನಂತೆ ಸುತ್ತ ನೋಡುತ್ತಿದ್ದ. 'ಗದ್ದೆ ಮನೆಯ ಮಗ... ಕೂಲಿಯವರೆಂದರೆ ಕೀಳು ಅನ್ನೋದು ಕೊನೆಗೂ ಹೊರಗೆ ಬಂತಲ್ಲ! ಇಂಥವರಿಗಾಗಿಯೇ ನಾನು...' 

ಸಂಜೆ ಅವನೇ ಶಾಲೆಯ ಬಾಗಿಲಿಗೆ ಬಂದ.

"ಟೀಚರ್, ರಾಚಿ ತಾಯಿ ಯಾಕೆ ಹಾಗೆ ಎಳಕೊಂಡು ಹೋದ್ರು? ಕೇರಿಗೆ ಹೋದೆ, ಬಾಗಿಲು ತೆಗೀಲಿಲ್ಲ. ಗಂಡುಹುಡುಗರ ಜತೆ ನಿಲ್ಲಿಸಿದ್ದು ತಪ್ಪಾಯ್ತೇನೋ... ಬನ್ನಿ, ಇವತ್ತು ಓದೋಲ್ವಾ?"

ಯಾಕೆ ಎಡಗೈ ಕೊಟ್ಟಿರಿ? ಇಷ್ಟೇ ಪ್ರಶ್ನೆ. ನಾಲಗೆಯ ತುದಿಯವರೆಗೂ ಬಂತು. ಅಲ್ಲೇ ಸತ್ತಿತು.

"ನನಗೆ ಇನ್ನು ಅಭ್ಯಾಸ ಬೇಡ ಮೇಷ್ಟ್ರೇ."

"ನನ್ನಿಂದ ಏನಾದ್ರೂ..."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವನ ಹೆಜ್ಜೆಯ ಸದ್ದು ದೂರವಾಯಿತು.

ಅಂದಿನಿಂದ ರಾಚಿ ಶಾಲೆಗೆ ಬರಲಿಲ್ಲ. ಸುನಂದ ಕೇರಿಗೆ ಹೋದಾಗ ಅವಳು ಮೇಕೆ ಹೊಡೆದುಕೊಂಡು ಹೋಗಿದ್ದಳು.

"ಬಹುಮಾನನೂ ಬ್ಯಾಡ, ಏನೂ ಬ್ಯಾಡ," ಎಂದಳು ಮರಮ್ಮ. "ಬ್ಯಾಸ್ಗೆ ಕಳದ್ಮೇಲೆ ಕೂಲಿಗೆ ಕರ್ಕಂಡೋಯ್ತೀನಿ."

ವೇದಿಕೆಗೆ ಬಂದು ನಿಂತವರಿಗಷ್ಟೇ ಬಹುಮಾನ. ಬರದಿದ್ದರೆ ಎರಡನೆಯವಳಿಗೆ ಹೋಗುತ್ತದೆ. ಹೋದರೆ ಹೋಗಲಿ... ಆದರೆ ಒಮ್ಮೆ ಕೂಲಿಗೆ ಹೊರಟ ರಾಚಿಯನ್ನು ಶಾಲೆಗೆ ತಿರುಗಿ ತರುವವರು ಯಾರು?

ಬಹುಮಾನದ ದಿನ ಬಂದೇಬಂತು. ತೆಂಗಿನ ಗರಿಯ ಚಪ್ಪರ, ಮಾವಿನ ತೋರಣ, ಬಣ್ಣದ ಕಾಗದದ ಪತಾಕೆಗಳು. ಹೆಣ್ಣುಮಕ್ಕಳು ಹಾಕಿದ ಕಸೂತಿ ಒಂದು ಮೇಜಿನ ಮೇಲೆ, ಶಾಲೆಯ ತೋಟದ ಕುಂಬಳಕಾಯಿ ಇನ್ನೊಂದರ ಮೇಲೆ. ಹುಡುಗರು ಹಗ್ಗದ ಸೇತುವೆ ಕಟ್ಟಿ ದಾಟಿದರು. ಪ್ರಥಮ ಚಿಕಿತ್ಸೆ ತೋರಿಸುವಾಗ ಕಾಲು ಮುರಿದ ರೋಗಿಯಾಗಿ ಮಲಗಿದ್ದವನು ಕಚಗುಳಿ ತಾಳಲಾರದೆ ಎದ್ದು ಓಡಿದ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ಸುನಂದ ನಗಲಿಲ್ಲ. ಅವಳ ಕಣ್ಣು ಬೇಲಿಯಾಚೆ ಇತ್ತು. ಅಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ಮರಮ್ಮ ನಿಂತಿದ್ದಳು. ಅವಳ ಸೆರಗಿನ ಹಿಂದೆ ರಾಚಿ! ನೋಡಲಾದರೂ ಬಂದಿದ್ದಾರೆ...

ಮೈಸೂರಿನಿಂದ ಬಂದ ಸ್ಕೌಟ್ ಅಧಿಕಾರಿ ಎದ್ದು ನಿಂತರು. ಊರಿನಲ್ಲಿ ದಳ ಕಟ್ಟಿದ ಸೇವೆಗಾಗಿ ಬೆಟ್ಟಸ್ವಾಮಿಯ ಎದೆಗೆ ಪದಕ ಚುಚ್ಚಿದರು. ಆಮೇಲೆ ಎಲ್ಲರೆದುರು ಕೈ ಚಾಚಿದರು.

ಎಡಗೈ!

ಚಪ್ಪರದಲ್ಲಿ ಗುಜುಗುಜು ಎದ್ದಿತು. ಮುಂದೆ ಕೂತಿದ್ದ ಮುದುಕನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟ.

"ಅದ್ಯಾಕ್ ಬುದ್ದೀ, ನಮ್ಮ ಮೇಷ್ಟ್ರುಗೆ ಎಡಗೈ ಕೊಟ್ರಿ? ಅವ್ರೇನ್ ತಪ್ ಮಾಡವ್ರೆ?"

ಅಧಿಕಾರಿ ಜೋರಾಗಿ ನಕ್ಕರು. "ತಪ್ಪಲ್ಲಪ್ಪ ಯಜಮಾನ, ಮರ್ಯಾದೆ! ಲೋಕದಲ್ಲಿರೋ ಸ್ಕೌಟ್‌ಗಳೆಲ್ಲ ಹೀಗೇ ಕೈ ಕೊಡೋದು. ಯುದ್ಧದಲ್ಲಿ ಎಡಗೈಲಿ ಗುರಾಣಿ ಇರತ್ತೆ. ಆ ಗುರಾಣಿ ಕೆಳಗಿಟ್ಟು ಕೈ ಚಾಚಿದ್ರೆ ಏನರ್ಥ? ನಿನ್ನನ್ನ ಪೂರ್ತಿ ನಂಬಿದ್ದೀನಿ ಅಂತ!"

ಸುನಂದ ಕೈಯಲ್ಲಿದ್ದ ವರದಿಯನ್ನು ಮಡಿಸಿ ಹಿಡಿದಳು. 'ಅಯ್ಯೋ... ಒಂದು ಮಾತು ಕೇಳಿದ್ದರೆ!' ಬೆಟ್ಟಸ್ವಾಮಿಯೂ ಮುದುಕನ ಕಡೆಯೇ ನೋಡುತ್ತಿದ್ದ. ಅವನ ಮುಖದಲ್ಲಿ ಈಗಷ್ಟೇ ಏನೋ ಹೊಳೆದಿತ್ತು. ಕಣ್ಣುಗಳು ಗಾಬರಿಯಿಂದ ಕೇರಿಯವರನ್ನು ಹುಡುಕತೊಡಗಿದವು.

ಬೇಲಿಯ ಹತ್ತಿರ ಮರಮ್ಮ ಹೊರೆ ಎತ್ತಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ಅಧಿಕಾರಿಯ ಮಾತು ಮುಟ್ಟಿರಲಿಲ್ಲ. ಅವಳು ಕಂಡದ್ದು ಎಡಗೈಯನ್ನು ಮಾತ್ರ!

"ಈಗ ಹೆಣ್ಣುಮಕ್ಕಳ ಶಾಲೆಯ ವರದಿ..." ಎಂದರು ಹೆಡ್‌ಮೇಷ್ಟ್ರು.

ಸುನಂದ ಎದ್ದಳು. ಕಾಗದವನ್ನು ಬಿಚ್ಚಲೂ ಇಲ್ಲ.

"ಮರಮ್ಮಾ! ನಿಂತ್ಕೋ!"

ಊರೇ ತಿರುಗಿ ನೋಡಿತು. ಅಮಲ್ದಾರರ ಪೇಟ ಕೂಡ ತಿರುಗಿತು.

"ಅದು ಮರ್ಯಾದೆ ಕೈ ಮರಮ್ಮಾ! ಈಗ ಮೇಷ್ಟ್ರಿಗೂ ಅದೇ ಕೈ ಕೊಟ್ಟಿದ್ದು! ನಿನ್ನ ಮಗಳು ಶಾಲೆಗೇ ಮೊದಲು ಬಂದಿದ್ದಾಳೆ. ಕರಕೊಂಡು ಬಾ ಅವಳನ್ನ!"

ಮರಮ್ಮನ ಹೊರೆ ದೊಪ್ಪನೆ ನೆಲಕ್ಕೆ ಬಿತ್ತು. ಜನ ದಾರಿ ಬಿಟ್ಟರು. ಹರಿದ ಲಂಗದ ರಾಚಿ ಮೊದಲು ನಡೆದಳು. ಆಮೇಲೆ ಓಡಿದಳು!

ಅಮಲ್ದಾರರ ಕೈಯಿಂದ ಅವಳು ಬಹುಮಾನದ ಹಿತ್ತಾಳೆ ಚೊಂಬು, ಪುಸ್ತಕ ತೆಗೆದುಕೊಂಡಾಗ ಎದ್ದ ಚಪ್ಪಾಳೆ ಹೊಳೆಯಾಚೆಗೂ ಕೇಳಿರಬೇಕು. ಆಮೇಲೆ ಸುನಂದ ವರದಿ ಓದಿದಳು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ ತಾಯಂದಿರಿಗೆ ವಂದನೆ ಎಂದು ಅವಳು ಓದುವಾಗ, ಎಂದೂ ಯಾವ ಸಭೆಯಲ್ಲೂ ವಂದನೆ ಕೇಳದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಯಲ್ಲಿ ಹೆಡ್‌ಮೇಷ್ಟ್ರು ಎದ್ದರು. "ಬೆಟ್ಟಸ್ವಾಮಿ ಮೇಷ್ಟ್ರಿಗೆ ಊರಿನ ಪರವಾಗಿ ಕೃತಜ್ಞತೆಗಳು. ಅವರಾಗಿಯೇ ಕೇಳಿಕೊಂಡು ಹೆಗ್ಗಡದೇವನಕೋಟೆಗೆ ವರ್ಗವಾಗಿ ಹೋಗುತ್ತಿದ್ದಾರೆ..."

ಸುನಂದಳಿಗೆ ಮುಂದಿನ ಮಾತು ಕೇಳಿಸಲಿಲ್ಲ.

ಇಳಿಬಿಸಿಲಿನಲ್ಲಿ ಚಪ್ಪರ ಬಿಚ್ಚುವ ಕೆಲಸ ನಡೆದಿತ್ತು. ಬೆಟ್ಟಸ್ವಾಮಿ ಬಿದಿರಿನ ಕಟ್ಟು ಬಿಚ್ಚುತ್ತಿದ್ದ. ಮರಮ್ಮ ಮಗಳೊಡನೆ ಬಂದು ಅವನ ಮುಂದೆ ಹೊಸ ಹುಣಸೆಹಣ್ಣಿನ ಉಂಡೆ ಇಟ್ಟಳು.

"ಗೊತ್ತಿಲ್ದೆ ಕ್ವಾಪ ಮಾಡ್ಕಂಡೆ ಬುದ್ದೀ..."

"ಬುದ್ಧಿ ಅನ್ಬೇಡವ್ವ, ಮೇಷ್ಟ್ರು ಅನ್ನು. ಮೊದಲೇ ತಿಳಿಸಿ ಹೇಳ್ಬೇಕಾಗಿತ್ತು ನಾನು. ಮಗೀನ ಶಾಲೆ ಮಾತ್ರ ಬಿಡಿಸ್ಬೇಡ."

"ಬುಡ್ಸಾಕಿಲ್ಲ ಕಣ್ ಮೇಷ್ಟ್ರೇ. ಊರೆಲ್ಲ ಕೈ ತಟ್ಟಿದ್ಮೇಲೆ ಇನ್ನೆಲ್ಲಿ ಬುಡ್ಸಾನ!"

ಅವರು ಹೋದ ಮೇಲೆ ಸುನಂದ ಹತ್ತಿರ ಬಂದಳು.

"ವರ್ಗ ಯಾಕೆ ಕೇಳಿದ್ರಿ?"

ಅವನು ತಲೆಯೆತ್ತಲಿಲ್ಲ. "ನೀವು ಹೊಳೆ ದಂಡೆಗೆ ಬರೋದು ಬಿಟ್ರಿ. ನನ್ನಿಂದಾಗಿ ಊರಲ್ಲಿ ಯಾರೋ ನಿಮ್ಮನ್ನ ಏನೋ ಅಂದಿರ್ಬೇಕು ಅಂದ್ಕೊಂಡೆ. ನಾನೇ ದೂರ ಹೋದ್ರೆ ನಿಮಗೆ ತೊಂದರೆ ಇರೋಲ್ಲ ಅಂತ..."

"ಯಾರೂ ಏನೂ ಅನ್ನಲಿಲ್ಲ. ನಾನೂ ಮರಮ್ಮನ ಹಾಗೇ ತಿಳಿದೆ."

ಅವನು ಕಟ್ಟು ಬಿಚ್ಚುವುದನ್ನು ಬಿಟ್ಟು ಅವಳನ್ನೇ ನೋಡಿದ.

"ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಟೀಚರ್!"

"ವರ್ಗ ಕೇಳೋ ಮುಂಚೆ ಒಂದು ಮಾತು ನೀವೂ ಕೇಳಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ!"

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರಾಡಿತು. ಈ ಮನುಷ್ಯ ಮರದಿಂದ ಇಳಿದು ಬರದಿದ್ದರೆ ಇವತ್ತು ಮರಮ್ಮನನ್ನು ಕೂಗುವ ದನಿ ಎಲ್ಲಿರುತ್ತಿತ್ತು?

"ಹುಣಸೂರಿಗೆ ಹೋಗಿ ನಿಮ್ಮ ತಂದೆಯವರನ್ನ ಕಾಣ್ಬೇಕು ಅಂತ ಇದ್ದೆ," ಎಂದ ಬೆಟ್ಟಸ್ವಾಮಿ ಮೆಲ್ಲಗೆ. "ನಿಮ್ಮ ಮನಸ್ಸು ತಿಳೀದೆ ಹೇಗೆ ಹೋಗ್ಲಿ? ಬಾಯಿಬಿಟ್ಟು ಹೇಳ್ಬೇಕು ಅಂತೇನಿಲ್ಲ. ಸುಮ್ಮನೆ ತಲೆ ಆಡಿಸಿದ್ರೂ ಸಾಕು..."

ಹತ್ತಿರದಲ್ಲೇ ಗರಿ ಹೊರುವ ಆಳುಗಳು. ಕುಂಬಳಕಾಯಿಗಾಗಿ ಚೌಕಾಸಿ ಮಾಡುತ್ತಿದ್ದ ಹೆಂಗಸರು. ದೊಡ್ಡತಾಯಮ್ಮ ಅಂತೂ ಕಂಬಕ್ಕೊರಗಿ, ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ನಿಂತಿದ್ದಳು.

"ಏನವ್ವಾ, ಮನೆಗ್ ಬತ್ತೀಯೋ, ಇಲ್ಲೇ ಇರ್ತೀಯೋ?"

ತಲೆ ಆಡಿಸಿ ಓಡಿಹೋಗಬಹುದಿತ್ತು. ಹಿಂದಿನ ಸುನಂದಳಾಗಿದ್ದರೆ ಅಷ್ಟನ್ನೂ ಮಾಡುತ್ತಿರಲಿಲ್ಲ. ಅವಳು ತಲೆ ಆಡಿಸಲಿಲ್ಲ. ದನಿ ತಗ್ಗಿಸಲೂ ಇಲ್ಲ. ನೇರ ಅವನ ಕಣ್ಣನ್ನೇ ನೋಡಿ ಹೇಳಿದಳು.

"ನೀವು ಅಂದ್ರೆ ನನಗೆ ಪ್ರಾಣ, ಮೇಷ್ಟ್ರೇ."