ಖಾಸಿ ಬೆಟ್ಟದಿಂದ ಬಂದ ಸೊಸೆ

"ನಿಲ್ಲಿಸು! ಲಾರಿ ನಿಲ್ಲಿಸು!"

ಶಿಲ್ಲಾಂಗಿನ ಇಳಿಜಾರಿನಲ್ಲಿ ಹಿಂದಕ್ಕೆ ಸರಿದ ಮಿಲಿಟರಿ ಲಾರಿ ಐಬನ್‌ಳ ಚಹಾ ಅಂಗಡಿಯ ಬಿದಿರಿನ ಗೋಡೆಯನ್ನು ಮುರಿದೇ ಬಿಟ್ಟಿತ್ತು. ಬಿದಿರು ಸೀಳುವ ಕತ್ತಿ ಹಿಡಿದು ಅವಳು ಓಡಿ ಬಂದಳು. ಕಣ್ಣಲ್ಲಿ ಬೆಂಕಿ!

ಕೆಳಗಿಳಿದ ಡ್ರೈವರ್ ಕತ್ತಿಯನ್ನು ನೋಡಿದ, ಅವಳನ್ನು ನೋಡಿದ. ತನ್ನ ಹರಕು ಹಿಂದಿಯಲ್ಲಿ ಬೇಡಿಕೊಂಡ. "ತಪ್ಪಾಯ್ತ್ರಿ! ಕಡಿಯೋದಾದ್ರ ಲಾರಿ ಕಡೀರಿ, ನನ್ನ ಬ್ಯಾಡ. ಊರಾಗ ನಮ್ಮವ್ವ ಕಾಯ್ಲಿಕತ್ತಾಳ."

ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು...

ಅವನು ಚಿಂಚೋಳಿ ಕಡೆಯ ಸೂಗಪ್ಪ. ಬಿಡುವು ಸಿಕ್ಕಾಗಲೆಲ್ಲ ಗೋಡೆ ಕಟ್ಟಿಕೊಡಲು ಬಂದ. ಅವನು ಕಟ್ಟಿದ್ದನ್ನು ಅವಳು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಗೋಡೆ ಮುಗಿಯಿತು, ಅವನು ಬರುವುದು ಮುಗಿಯಲಿಲ್ಲ.

"ನಮ್ಮ ಖಾಸಿ ಜನರಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬರ್ತಾನೆ," ಎಂದಳು ಒಂದು ದಿನ, ಅವನ ಮುಖ ನೋಡದೆ.

ಸೂಗಪ್ಪ ಸಪ್ಪಗಾದ. "ಅವ್ವಗ ನಾ ಒಬ್ಬನೇ ಮಗ, ಐಬನ್."

ಆ ಮಳೆಗಾಲವೆಲ್ಲ ಅವಳು ಯೋಚಿಸಿದಳು. ಮನೆ ನೋಡಿಕೊಳ್ಳಲು ತಂಗಿ ಇದ್ದಳು. ಕೊನೆಗೆ ಹೇಳಿಯೇ ಬಿಟ್ಟಳು. "ಹಾಗಾದರೆ ನಾನೇ ಬರ್ತೀನಿ!"

೧೯೭೪ರ ಬೇಸಿಗೆ. ಸೂಗಪ್ಪ ಮಿಲಿಟರಿ ಬಿಟ್ಟು ಸೇಡಂ–ಹೈದರಾಬಾದ್ ಬಸ್ಸಿಗೆ ಡ್ರೈವರ್ ಆಗಿದ್ದ. ಮದುವೆಯಾಗಿ ಅವನ ಜೊತೆ ವಾಡಿಯಲ್ಲಿ ರೈಲಿಳಿದಾಗ ಕಾದ ಗಾಳಿ ಐಬನ್‌ಳ ಕೆನ್ನೆಗೆ ಬಡಿಯಿತು. ಆದರೆ ಅದಕ್ಕಿಂತ ಹೆಚ್ಚು ಸುಟ್ಟಿದ್ದು ಅತ್ತೆ ಗುರುಲಿಂಗಮ್ಮನ ಮೊದಲ ಮಾತು.

"ಮಾಂಸ ತಿಂದ ಕೈಲೆ ನನ್ನ ಒಲಿ ಮುಟ್ಟಬ್ಯಾಡ."

ಐಬನ್ ಮಾಂಸ ಬಿಟ್ಟಳು. ಕನ್ನಡ ಕಲಿತಳು. ಖಡಕ್ ರೊಟ್ಟಿ ಅಗಿದು ದವಡೆ ನೋಯಿಸಿಕೊಂಡಳು. ಆದರೂ ಅಡಿಗೆಮನೆಯ ಬಾಗಿಲು ಅವಳಿಗೆ ತೆರೆಯಲಿಲ್ಲ.

ಒಂದು ಮುಂಜಾನೆ ಕೊಡ ಹೊತ್ತು ಬರುವಾಗ ಒಳಗಿನಿಂದ ಗಂಡನ ಧ್ವನಿ ಕೇಳಿತು.

"ಸಾಕವ್ವ ಇನ್ನ. ಐಬನ್ ಅಕಿ ಊರಿಗಿ ಹೋಗ್ತಾಳ. ಟಿಕೀಟ ತೆಗಸ್ತೀನಿ."

ಮುಂದಿನ ಮಾತು ಕೇಳುವ ಶಕ್ತಿ ಅವಳಿಗಿರಲಿಲ್ಲ. ಹಿತ್ತಲಿಗೆ ಓಡಿ ಗೋಡೆಗೊರಗಿ ಅತ್ತಳು. 'ನನ್ನನ್ನು ಕಳಿಸ್ತಾನಾ? ನಾಚಿಕೆಯಾಯಿತಾ ನನ್ನಿಂದ?' ಕೇಳಲು ಸ್ವಾಭಿಮಾನ ಬಿಡಲಿಲ್ಲ. ಅವನೂ ಏನೂ ಹೇಳದೆ ಹತ್ತು ದಿನದ ಡ್ಯೂಟಿಗೆ ಹೋದ.

ಅವತ್ತೇ ಮಳೆ ಹಿಡಿಯಿತು. ಊರಿನ ಹೊಲಗಳೆಲ್ಲ ಹಳ್ಳದಾಚೆ. ಸಂಜೆ ಹೆಂಗಸರು ಎದೆಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ದಾಟುವುದನ್ನು ಐಬನ್ ನೋಡಿದಳು. ಅವರ ನಡುವೆ ಅತ್ತೆಯೂ ಇದ್ದಳು!

"ಹೋದ ವರ್ಷ ಇದೇ ಹಳ್ಳ ನನ್ನ ತಂಗಿನ್ನ ಒಯ್ತು," ಎಂದಳು ಪಕ್ಕದ ಮನೆಯ ಹಣಮಮ್ಮ, ಸೆರಗು ಹಿಂಡುತ್ತ.

"ಮತ್ತ ಯಾಕ ಸುಮ್ನ ಕುಂತೀರಿ?" ಐಬನ್ ಚೀರಿದಳು. "ಅಡವಿ ತುಂಬ ಬಿದಿರು ಅದ!"

'ಹೋಗುವವಳೇ ನಾನು... ಆದರೆ ಇವರನ್ನು ನೀರಿನಲ್ಲಿ ಬಿಟ್ಟು ಹೇಗೆ ಹೋಗಲಿ?'

ಮರುದಿನ ಕತ್ತಿ ಹಿಡಿದು ಅಡವಿಗೆ ನಡೆದಳು. ಮೊದಲು ನಕ್ಕ ಹಣಮಮ್ಮನೇ ಮೊದಲು ಹೆಗಲು ಕೊಟ್ಟಳು. ನೋಡನೋಡುತ್ತ ಊರಿನ ಹೆಂಗಸರೆಲ್ಲ ಬಂದರು. ತನ್ನೂರಿನ ಕಣಿವೆಗಳಲ್ಲಿ ಕಟ್ಟುವಂತೆಯೇ, ಎರಡು ದಂಡೆಯ ಹುಣಸೆ ಮರಗಳ ನಡುವೆ ಅವಳು ಬಿದಿರಿನ ಸೇತುವೆ ಬಿಗಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು.

ಮುಗಿದ ಮಾರನೆಯ ದಿನವೇ ಹಳ್ಳ ದಂಡೆ ಮೀರಿ ಬಂತು. ಹೊಲಕ್ಕೆ ಹೋದವರೆಲ್ಲ ಸೇತುವೆ ದಾಟಿ ಬಂದರು. ಗುರುಲಿಂಗಮ್ಮ ಮಾತ್ರ ಆಚೆ ದಂಡೆಯಲ್ಲಿ ನಡುಗುತ್ತ ನಿಂತಳು.

"ನಾ ಬರಂಗಿಲ್ಲ! ಕಾಲು ಏಳವಲ್ಲವು!"

ಐಬನ್ ಸೇತುವೆ ದಾಟಿ ಹೋದಳು. "ಅತ್ತಿ, ಕೈ ಕೊಡ್ರಿ."

ಗುರುಲಿಂಗಮ್ಮ ಆ ಕೈಯನ್ನು ನೋಡಿದಳು. ಚರ್ಮ ಸುಲಿದು ಕೆಂಪಾದ ಕೈ. ಒಮ್ಮೆಲೇ ಅದನ್ನು ಎರಡೂ ಕೈಯಿಂದ ಅವುಚಿ ಹಿಡಿದಳು.

ಕೆಳಗೆ ಕೆಂಪು ನೀರು ಮೊರೆಯುತ್ತಿತ್ತು. "ಕೆಳಗ ನೋಡಬ್ಯಾಡ್ರಿ. ನನ್ನ ಮುಖ ನೋಡ್ರಿ..."

ಈಚೆ ದಂಡೆ ಮುಟ್ಟಿದಾಗ ಹೆಂಗಸರು ಕೇಕೆ ಹಾಕಿದರು! ಗುರುಲಿಂಗಮ್ಮ ಕೈ ಬಿಡಲಿಲ್ಲ. ಹಾಗೆಯೇ ಎಳೆದುಕೊಂಡು ಮನೆಗೆ ಬಂದು, ಒಲೆಯ ಮುಂದೆ ಮಣೆ ಹಾಕಿದಳು.

"ಕುಂದ್ರವ್ವ. ರೊಟ್ಟಿ ಬಡಿ."

ಮೊದಲ ರೊಟ್ಟಿ ಹರಿಯಿತು. ಅದನ್ನೇ ಅತ್ತೆ ತನ್ನ ತಾಟಿಗೆ ಹಾಕಿಕೊಂಡಳು. ಐಬನ್‌ಳ ಕಣ್ಣು ತುಂಬಿ ಬಂದವು.

ಅಷ್ಟರಲ್ಲಿ ಸೂಗಪ್ಪ ಓಡುತ್ತ ಬಂದ. "ಆ ಸೇತುವಿ... ನೀ ಕಟ್ಟಿದ್ದಾ?"

ಅವಳು ತಿರುಗಲಿಲ್ಲ. "ಟಿಕೀಟ ತಂದಿ ಏನು?"

ಅವನು ಬೆಚ್ಚಿದ. "ನಿನಗ್ಯಾರು ಹೇಳಿದ್ರು?... ತಂದೀನಿ. ಎರಡು."

"ಎರಡಾ?"

"ನಿನ್ನ ಒಬ್ಬಾಕಿನ್ನ ಹೆಂಗ ಕಳಿಸ್ಲಿ? ಇಲ್ಲಿ ನೀ ದಿನಾ ಒಳಗೊಳಗ ಸಾಯ್ಲಿಕತ್ತಿದ್ದಿ. ನಿಮ್ಮ ಮನಿಗಿ ನಾನೂ ಬರ್ತೀನಿ. ಅವ್ವಗ ಅವತ್ತೇ ಹೇಳೀನಿ."

"ಖರೇ," ಎಂದಳು ಗುರುಲಿಂಗಮ್ಮ ಮೆಲ್ಲಗೆ. "ಅವತ್ತಿಂದ ನನಗ ತುತ್ತು ಇಳಿದಿಲ್ಲ."

"ನನಗ ಒಂದು ಮಾತು ಹೇಳ್ಲಿಲ್ಲಲ್ಲ!" ಐಬನ್ ಅಳುತ್ತಲೇ ನಕ್ಕಳು.

"ಹೇಳಿದ್ರ ನನ್ನ ಸಲುವಾಗಿ ಬ್ಯಾಡ ಅಂತಿದ್ದಿ..."

"ಈಗೂ ಬ್ಯಾಡ. ವಾಪಸ್ ಮಾಡು. ಮ್ಯಾಲಿನ ಹಳ್ಳಿಯವರೂ ಸೇತುವಿ ಕೇಳ್ಯಾರ, ನನಗ ಭಾಳ ಕೆಲಸ ಅದ! ಸುಗ್ಗಿ ಮುಗಿದ ಮ್ಯಾಲ ಮೂವರೂ ಹೋಗೋಣು. ತಂಗಿನ್ನ ನೋಡಿ ಮನಿಗಿ ಬರೋಣು."

ಸೂಗಪ್ಪ ಒಲೆಯ ಮುಂದೆ ಅವಳ ಪಕ್ಕ ಕುಳಿತ. "ಯಾವ ಮನಿಗಿ, ಐಬನ್?"

ಹಿಟ್ಟಿನ ಕೈಯನ್ನು ಅವಳು ಅವನ ಕೆನ್ನೆಯ ಮೇಲಿಟ್ಟಳು.

"ಇದೇ ಮನಿಗಿ, ಹುಚ್ಚಾ!"