ಕೆಂಪು ಚುಕ್ಕಿಗಳ ಸಾಕ್ಷಿ

ಭಾನುವಾರ ಬೆಳಿಗ್ಗೆ ಎಂಟೂವರೆ. ಹೆದ್ದಾರಿ ಪಕ್ಕ ಐವನ್ ಬಾರ್ಚ್‌ನ ಜೇನುತುಪ್ಪದ ಪುಟ್ಟ ಹಲಗೆ ಅಂಗಡಿ ಇರಬೇಕಾದ ಜಾಗದಲ್ಲಿ ಕ್ಲೈವ್ ನೊಸ್ಕೆಯ ಹಸಿರು ಕಾರು ನಿಂತಿತ್ತು. ಅಂಗಡಿ ಕಾರಿನ ಅಡಿಗೆ ಹೋಗಿತ್ತು. ಐವನ್ ಹತ್ತು ಹೆಜ್ಜೆ ಆಚೆ, ಬೇಲಿಯ ಬುಡದಲ್ಲಿ ಬಿದ್ದಿದ್ದ.

ಮೊದಲು ಕಂಡವಳು ನಾನೇ. ಚರ್ಚಿಗೆ ಹೊರಟಿದ್ದೆ. ಓಡಿಹೋಗಿ ಅವನ ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರಿತ್ತು. ಅಬ್ಬಾ, ಬದುಕಿದ್ದಾನಲ್ಲ ಅಂದುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದೆ.

ಕಾರಿನ ಪಕ್ಕ ಹುಲ್ಲಿನ ಮೇಲೆ ಡೇಮಿಯನ್ ಕೂತಿದ್ದ. ಕ್ಲೈವ್‌ನ ತಂಗಿಯ ಮಗ; ಮಾವನ ಕಾರು ಓಡಿಸುತ್ತಿದ್ದವನು ಅವನೇ. ನಲವತ್ತು ವರ್ಷದವನು, ಗೋಧಿ ಲಾರಿ ಓಡಿಸುತ್ತಾನೆ. ಹಣೆಯ ಮೇಲೊಂದು ಗೀರು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ.

"ನನ್ನ ತಪ್ಪಲ್ಲ, ನೊರೀನ್," ಅಂದ. ನಾನಿನ್ನೂ ಬಾಯೇ ತೆರೆದಿರಲಿಲ್ಲ. "ಕಾಲು ತೆಗೆದ್ರೂ ವೇಗ ಹಿಡಿದಿಡೋ ಆ ಕ್ರೂಸ್ ಕಂಟ್ರೋಲ್ ಇದೆಯಲ್ಲ, ತೊಂಬತ್ತಕ್ಕೆ ಹಾಕಿದ್ದೆ. ಬ್ರೇಕ್ ತುಳಿದೆ. ಬಿಡ್ಲೇ ಇಲ್ಲ. ಎಳ್ಕೊಂಡು ಹೋಯ್ತು."

"ಅರವತ್ತೈದನೇ ಇಸವಿ ಕಾರಿಗೆ ಅದನ್ನ ಹಾಕಿದ್ದು ಯಾರು?"

"ಗ್ಲೆನಿಸ್. ಗುರುವಾರ."

ಗ್ಲೆನಿಸ್ ಫೈಫರ್ ನಮ್ಮೂರಿನ ವಾಹನಗಳ ಎಲೆಕ್ಟ್ರಿಷಿಯನ್. ನನ್ನ ಗೆಳತಿ. ಐವನ್‌ನ ಗೆಳತಿ ಕೂಡ. ಬುಧವಾರದ ಚಹಾ ಅವಳದು ಅವನ ಮನೆಯಲ್ಲೇ.

ಆಂಬುಲೆನ್ಸ್ ಹೋದ ಮೇಲೆ ಕಾರು ಎಳೆಯುವ ಲಾರಿ ಬಂತು. ನಮ್ಮೂರ ವಾರಪತ್ರಿಕೆಯ ಸಂಪಾದಕಿ, ವರದಿಗಾರ್ತಿ, ಫೋಟೋ ತೆಗೆಯುವವಳು ಎಲ್ಲ ನಾನೇ. ಮನಸ್ಸಿಲ್ಲದಿದ್ದರೂ ಕ್ಯಾಮೆರಾ ತೆಗೆದೆ. ಕಾರಿನ ಮೂತಿ ಜಜ್ಜಿತ್ತು, ಹಿಂಭಾಗ ಹೊಸದರಂತೆ ಹೊಳೆಯುತ್ತಿತ್ತು. ಎಳೆಯುವ ಲಾರಿಯವನು ಕಾರಿನೊಳಗೆ ಕೂತು ಬ್ರೇಕ್ ತುಳಿದು ನೋಡಿದ. ಹಿಂದಿನ ದೀಪಗಳು ಝಗ್ ಎಂದು ಹತ್ತಿದವು. ಎರಡು ಫೋಟೋ ತೆಗೆದು ಮನೆಗೆ ಹೋದೆ. ಆ ದಿನ ಚರ್ಚಿಗೆ ಹೋಗಲಿಲ್ಲ.

* * *

ಸೋಮವಾರ ಪೊಲೀಸ್ ಠಾಣೆಗೆ ಹೋದೆ. ಠಾಣೆ ಅಂದರೆ ಒಂದು ಕೋಣೆ, ಒಬ್ಬ ಅಧಿಕಾರಿ. ವೇಡ್ ಟಿಯರ್ನಿ. ಒಳ್ಳೆಯವನೇ, ಆದರೆ ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜಾತಿ.

"ರಸ್ತೆ ಮೇಲೆ ಟಯರ್ ಉಜ್ಜಿದ ಗೆರೆ ಇಲ್ಲ," ಅಂದ. "ಆಕ್ಸಿಲರೇಟರಿನ ಕೇಬಲ್ ಸೊಟ್ಟಗಾಗಿ ಸಿಕ್ಕಾಕ್ಕೊಂಡಿದೆ. ಡೇಮಿಯನ್ ಹೇಳಿದ್ದಕ್ಕೆ ತಾಳೆ ಆಗುತ್ತೆ."

"ಮೂತಿ ಜಜ್ಜಿದ ಮೇಲೆ ಕೇಬಲ್ ಸೊಟ್ಟಗಾಗದೆ ಇನ್ನೇನಾಗುತ್ತೆ? ಮತ್ತೆ, ಬ್ರೇಕ್ ತುಳಿದಿದ್ರೆ ಗೆರೆ ಬೀಳಬೇಕಿತ್ತಲ್ಲ?"

"ಕಾರು ಎಳೀತಾ ಇದ್ರೆ ಬ್ರೇಕ್ ಎಷ್ಟು ಹಿಡಿಯುತ್ತೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ನೊರೀನ್. ಗ್ಲೆನಿಸ್ ತಾನೇ ಬುಧವಾರ ಬಂದು ಹೇಳಿಕೆ ಬರ್ಕೊಡ್ತೀನಿ ಅಂದಿದ್ದಾರೆ."

"ಏನಂತ?"

"ತಪ್ಪು ತನ್ನದೇ ಇರಬಹುದು ಅಂತ."

ಅಲ್ಲಿಂದ ನೇರ ಗ್ಲೆನಿಸ್‌ಳ ಶೆಡ್ಡಿಗೆ ಹೋದೆ. ವಾರವಿಡೀ ನಾಲ್ಕೈದು ಗಾಡಿ ನಿಲ್ಲುವ ಶೆಡ್ಡು ಖಾಲಿ. ಜನ ಬೆಳಿಗ್ಗೆಯೇ ಬಂದು ತಮ್ಮ ತಮ್ಮ ಕೀ ಇಸಿದುಕೊಂಡು ಹೋಗಿದ್ದರು. ಒಬ್ಬರೂ ಕಾರಣ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

"ಗುರುವಾರ ನಾನೇ ಓಡಿಸಿ ನೋಡಿದ್ದೆ," ಅಂದಳು ಗ್ಲೆನಿಸ್. "ಬಟನ್ ಒತ್ತಿದ್ರೆ ಹಿಡೀತು. ಬ್ರೇಕ್ ಮುಟ್ಟಿದ್ರೆ ಬಿಡ್ತು. ಆರು ಸಲ ನೋಡಿದೆ."

"ಮತ್ತೆ ನಿನ್ನ ತಪ್ಪು ಹೇಗೆ?"

ಅವಳು ಬಲಗೈ ಎತ್ತಿ ತೋರಿಸಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ವರ್ಷದಿಂದ ಹೀಗಿದೆ. ಯಾರಿಗೂ ಹೇಳಿಲ್ಲ. ಯಾವುದೋ ಒಂದು ವೈರ್ ಸಡಿಲ ಬಿಟ್ಟಿರ್ತೀನಿ ನೊರೀನ್. ಐವನ್ ಸೊಂಟ ಮುರಿದವಳು ನಾನೇ."

"ಬಾಯಿ ಮುಚ್ಚು," ಅಂದೆ. ಪ್ರೀತಿಯಿಂದಲೇ ಅಂದೆ.

* * *

ಮಂಗಳವಾರ ಹಾರ್ಷಮ್ ಆಸ್ಪತ್ರೆಯಲ್ಲಿ ಐವನ್ ಕಣ್ಣು ಬಿಟ್ಟಿದ್ದ. ಸೊಂಟಕ್ಕೆ ಆಪರೇಷನ್ ಆಗಿತ್ತು. ಮಾತು ಮೆಲ್ಲಗಿದ್ದರೂ ನಾಲಿಗೆ ಚುರುಕಾಗಿತ್ತು.

"ಪೇಪರಿಗೆ ಫೋಟೋ ತೆಗೆಯೋ ಹಾಗಿದ್ರೆ ತಲೆ ಬಾಚ್ತೀನಿ ತಾಳು."

"ನಿನ್ನ ತಲೇಲಿ ಬಾಚೋಕೆ ಏನಿದೆ? ಕಾರು ಬಂದಿದ್ದು ನೋಡಿದ್ಯಾ?"

"ನೋಡಿದೆ. ಎಂದಿನ ಹಾಗೆ ಬೆರಳೆತ್ತಿದೆ."

ನಮ್ಮ ವಿಮೆರಾ ಬಯಲಲ್ಲಿ ಎದುರು ಸಿಕ್ಕವರು ಯಾರೇ ಇರಲಿ, ಸ್ಟೇರಿಂಗ್ ಬಿಡದೆ ನಮಸ್ಕಾರಕ್ಕೆ ಒಂದು ಬೆರಳೆತ್ತುತ್ತೇವೆ. ಜಗಳವಾಡಿ ಮಾತು ಬಿಟ್ಟವರೂ ಬೆರಳೆತ್ತುತ್ತಾರೆ. ಐವನ್ ಅಂತೂ ಅಂಗಡಿಯಲ್ಲಿ ಕೂತು ಹೋಗುವ ಪ್ರತಿ ಗಾಡಿಗೂ ಬೆರಳೆತ್ತುತ್ತಾನೆ.

"ಅವನು ಎತ್ಲಿಲ್ಲ," ಅಂದ ಐವನ್. "ಮುಖಾನೇ ಕಾಣ್ಲಿಲ್ಲ. ಬೋಳು ನೆತ್ತಿ ಕಾಣ್ತು, ಅಷ್ಟೇ. ಆಮೇಲೆ ಕಾರು ನೆಟ್ಟಗೆ ನನ್ನ ಕಡೆ ತಿರುಗ್ತು."

ಕಾರು ಎಳೆದುಕೊಂಡು ಹೋಗುವಾಗ ಯಾರಾದರೂ ಕಣ್ಣು ಅರಳಿಸಿಕೊಂಡು ರಸ್ತೆ ನೋಡುತ್ತಾರೆ. ನೆತ್ತಿ ತೋರಿಸುವುದಿಲ್ಲ. ಡೇಮಿಯನ್ ತಲೆ ಬಗ್ಗಿಸಿ ಏನೋ ನೋಡುತ್ತಿದ್ದ. ಏನು? ಮೊಬೈಲ್ ಅಂತ ನನಗೆ ತಕ್ಷಣ ಹೊಳೆಯಿತು. ಹೋದ ವರ್ಷ ಮೊಬೈಲ್ ನೋಡುತ್ತ ಓಡಿಸಿ ಒಮ್ಮೆ ಸಿಕ್ಕಿಬಿದ್ದಿದ್ದ. ಇನ್ನೊಂದು ಸಲ ಏನಾದರೂ ಆದರೆ ಲೈಸೆನ್ಸ್ ಹೋಗುತ್ತದೆ. ಸುಗ್ಗಿಗೆ ಇನ್ನು ಮೂರೇ ವಾರ.

ಖುಷಿಯಿಂದ ಟಿಯರ್ನಿಗೆ ಫೋನ್ ಮಾಡಿದೆ. ಅವನು ನನ್ನ ಖುಷಿಗೆ ತಣ್ಣೀರೆರಚಿದ.

"ಅದನ್ನ ಮೊದಲ ದಿನವೇ ನೋಡಿದ್ದೀನಿ. ಅವನ ಮೊಬೈಲ್ ಮನೇಲಿತ್ತು. ಆ ಹೊತ್ತಿಗೆ ಅವನ ಹೆಂಡತಿ ಅದರಲ್ಲೇ ತಾಯಿ ಜೊತೆ ಮಾತಾಡ್ತಿದ್ರು. ಮುಕ್ಕಾಲು ಗಂಟೆ."

* * *

ಬುಧವಾರ ಬೆಳಿಗ್ಗೆ ಗ್ಲೆನಿಸ್‌ಳನ್ನು ಠಾಣೆಗೆ ಕರೆದೊಯ್ಯಲು ನಾನೇ ಹೋದೆ. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಹೇಳಿಕೆ ಬರೆದು ಮಡಚಿ ಇಟ್ಟುಕೊಂಡಿದ್ದಳು. ಮೂರು ದಿನದಿಂದ ಊಟ ಬಿಟ್ಟ ಮುಖ.

ಏನಾದರೂ ಮಾತಾಡಬೇಕಲ್ಲ ಎಂದು, ಪತ್ರಿಕೆಗೆ ಆರಿಸಿದ ಫೋಟೋ ತೋರಿಸಿದೆ. "ನೋಡು, ಮುಂಭಾಗ ಹಾಕಲ್ಲ. ಐವನ್‌ಗೆ ಬೇಜಾರಾಗುತ್ತೆ. ಹಿಂದಿನಿಂದ ತೆಗೆದಿದ್ದು ಹಾಕ್ತೀನಿ. ದೀಪ ಎಷ್ಟು ಚೆನ್ನಾಗಿ ಬಂದಿದೆ, ಕೆಂಪು ಚುಕ್ಕಿ ಚುಕ್ಕಿ."

ಗ್ಲೆನಿಸ್ ತನ್ನ ಯೂಟಿನ, ಅಂದರೆ ಹಿಂಭಾಗ ತೆರೆದ ಪಿಕಪ್ ಗಾಡಿಯ, ಬಾಗಿಲು ತೆರೆಯುತ್ತಿದ್ದವಳು ಹಾಗೇ ನಿಂತಳು.

"ಏನಂದೆ?"

"ಚುಕ್ಕಿ ಚುಕ್ಕಿ ಅಂದೆ."

ಫೋಟೋ ಕಿತ್ತುಕೊಂಡು ಕಣ್ಣಿಗೆ ಹಿಡಿದಳು. "ಗುರುವಾರ ಈ ಕಾರಲ್ಲಿ ಇದ್ದಿದ್ದು ಹಳೇ ಬಲ್ಬು. ಅದು ಮೆಲ್ಲಗೆ ಕೆಂಪಗಾಗುತ್ತೆ, ಉಂಡೆ ಹಾಗೆ. ಇದು ಎಲ್‌ಇಡಿ. ಯಾರು ಹಾಕಿದ್ದು? ಯಾವಾಗ?"

"ನಂಗೇನು ಗೊತ್ತು? ಭಾನುವಾರ ಕಾರು ಅಲ್ಲಿಂದ ಎತ್ತೋ ಮುಂಚೆನೇ ಹೀಗಿತ್ತು. ಲಾರಿಯವನು ತುಳಿದ ತಕ್ಷಣ ಝಗ್ ಅಂತು."

ಅವಳು ಸೀಟಿನ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

"ನೊರೀನ್, ಆ ದೀಪ ಇದ್ರೆ ನಾನು ಹಾಕಿದ ಕ್ರೂಸ್ ಹಿಡಿಯೋದೇ ಇಲ್ಲ."

* * *

ಟಿಯರ್ನಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು.

"ಕ್ರೂಸ್ ಪೆಟ್ಟಿಗೆಯಿಂದ ಒಂದು ವೈರ್ ಬ್ರೇಕ್ ಲೈಟಿಗೆ ಹೋಗುತ್ತೆ," ಗ್ಲೆನಿಸ್ ಹೇಳಿದಳು. "ಬ್ರೇಕ್ ತುಳಿಯದೆ ಇದ್ದಾಗ, ಬಲ್ಬಿನೊಳಗಿನ ತಂತಿ ಹಾದು ಆ ವೈರ್‌ಗೆ ಅರ್ತ್ ಸಿಗುತ್ತೆ. ಅರ್ತ್ ಸಿಕ್ರೆ, ಯಾರೂ ಬ್ರೇಕ್ ತುಳಿದಿಲ್ಲ ಅಂತ ಪೆಟ್ಟಿಗೆ ತಿಳ್ಕೊಂಡು ವೇಗ ಹಿಡಿಯುತ್ತೆ. ಎಲ್‌ಇಡಿಯಲ್ಲಿ ಆ ತಂತಿ ಇಲ್ಲ, ಆ ದಾರಿ ಮುಚ್ಚಿದ ಹಾಗೆ. ಯಾರೋ ಬ್ರೇಕ್ ಮೇಲೆ ಕಾಲಿಟ್ಟೇ ಇದ್ದಾರೆ ಅಂತ ಪೆಟ್ಟಿಗೆ ಸುಮ್ಮನೆ ಕೂತ್ಬಿಡುತ್ತೆ. ನಡುವೆ ರಿಲೇ ಅನ್ನೋ ಒಂದು ಸಣ್ಣ ಸ್ವಿಚ್ ಹಾಕಿದ್ರೆ ಸರಿಹೋಗುತ್ತೆ. ಇಲ್ಲಿ ಹಾಕಿಲ್ಲ."

"ಇದು ನಿಮ್ಮ ಮಾತು."

"ನನ್ನ ಮಾತು ಬೇಡ. ನನ್ನ ಯೂಟ್ ನೋಡು. ಅದೇ ಪೆಟ್ಟಿಗೆ ಇದೆ, ಬಲ್ಬಿನ ಅಳತೇನೂ ಒಂದೇ."

ಠಾಣೆಯ ಹಿಂದೆ ನಿಂತಿದ್ದ ಹಸಿರು ಕಾರಿನ ದೀಪದ ಗಾಜನ್ನು ಟಿಯರ್ನಿ ತಾನೇ ಬಿಚ್ಚಿದ. ಎರಡೂ ಎಲ್‌ಇಡಿ. ತಾನೇ ತೆಗೆದು ಗ್ಲೆನಿಸ್‌ಳ ಹಳೆಯ ಯೂಟಿಗೆ ಹಾಕಿದ. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಹೆದ್ದಾರಿಗೆ ಇಳಿದೆವು. ಓಡಿಸಿದವನು ಅವನೇ.

ಎಂಬತ್ತಕ್ಕೆ ಬಂದಾಗ ಬಟನ್ ಒತ್ತಿದ. ಕಾಲು ತೆಗೆದ. ಯೂಟ್ ನಿಧಾನವಾಯಿತು. ಮತ್ತೆ ಒತ್ತಿದ. ಮತ್ತೆ ನಿಧಾನವಾಯಿತು. ಐದನೇ ಸಲ ಅವನು ತಲೆ ಬಗ್ಗಿಸಿ, ಡ್ಯಾಶಿನ ಕೆಳಗಿದ್ದ ಬಟನ್ ಕಡೆ ನೋಡಿದ.

"ರಸ್ತೆ ನೋಡಪ್ಪ," ಅಂದೆ. ಅಂದವಳಿಗೇ ಐವನ್ ಕಂಡ ಬೋಳು ನೆತ್ತಿ ನೆನಪಾಯಿತು. ಅವನಿಗೂ ನೆನಪಾಗಿರಬೇಕು, ಬಟನ್ ಬಿಟ್ಟು ತಲೆ ಎತ್ತಿದ.

ಗಾಡಿ ಪಕ್ಕಕ್ಕೆ ಹಾಕಿ ಗ್ಲೆನಿಸ್‌ಳ ಹಳೆಯ ಬಲ್ಬುಗಳನ್ನು ಮರಳಿ ಹಾಕಿದೆವು. ಮತ್ತೆ ಎಂಬತ್ತು. ಬಟನ್ ಒತ್ತಿದ, ಕಾಲು ತೆಗೆದ. ಯೂಟ್ ಒಂದೇ ವೇಗದಲ್ಲಿ ಹೋಗುತ್ತಲೇ ಇತ್ತು. ಬ್ರೇಕಿನ ಮೇಲೆ ಕಾಲು ಇಟ್ಟ, ತಕ್ಷಣ ಬಿಟ್ಟಿತು.

"ಠಾಣೆಯಿಂದ ಜೀಪ್ ತಗೊಂಡು ಕ್ಲೈವ್ ಮನೆಗೆ ಹೋಗೋಣ," ಅಂದ ಟಿಯರ್ನಿ.

* * *

ಕ್ಲೈವ್ ನೊಸ್ಕೆಗೆ ಎಪ್ಪತ್ತನಾಲ್ಕು. ಹಳೇ ಕಾರುಗಳ ಸಂಘದ ಅಧ್ಯಕ್ಷ. ಶೆಡ್ಡಿನಲ್ಲಿ ಮಾವ ಅಳಿಯ ಇಬ್ಬರೂ ಇದ್ದರು. ಟಿಯರ್ನಿ ಮೊದಲು ಕ್ಲೈವ್‌ನನ್ನು ಕೇಳಿದ.

"ಬ್ರೇಕ್ ಲೈಟ್ ಬದಲಾಯಿಸಿದ್ದು ಯಾವಾಗ?"

"ಶನಿವಾರ. ಹಳೇದು ಮಂಕಾಗಿತ್ತು, ಹಿಂದೆ ಬರೋ ಲಾರಿಗಳಿಗೆ ಕಾಣ್ತಿರ್ಲಿಲ್ಲ. ನಮ್ಮ ಡೇಮಿಯನ್ ತರಿಸಿ ಹಾಕಿಕೊಟ್ಟ. ಕೆಲಸದಲ್ಲಿ ಅಚ್ಚುಕಟ್ಟು ಅವನು." ಮುದುಕನ ದನಿಯಲ್ಲಿ ಹೆಮ್ಮೆಯಿತ್ತು.

ಟಿಯರ್ನಿ ಡೇಮಿಯನ್ ಕಡೆ ತಿರುಗಿದ. "ಭಾನುವಾರ ಕ್ರೂಸ್ ಎಷ್ಟಕ್ಕೆ ಹಾಕಿದ್ದೆ?"

"ತೊಂಬತ್ತು."

"ಮೊದಲ ಸಲಕ್ಕೇ ಹಿಡೀತಾ?"

"ಹ್ಞೂಂ. ಹಿಡಿದಿದ್ದೇ ಹಿಡಿದಿದ್ದು, ಬಿಡ್ಲೇ ಇಲ್ಲ. ಕೈ ನಡುಗೋರ ಹತ್ರ ಕೆಲಸ ಮಾಡಿಸಿದ್ರೆ ಇನ್ನೇನಾಗುತ್ತೆ?"

ಗ್ಲೆನಿಸ್‌ಳ ಮುಖ ಬಿಳಿಚಿತು. ತನ್ನ ಕೈ ನಡುಗುವುದು ಊರಿಗೆಲ್ಲ ಗೊತ್ತಿತ್ತು ಅಂತ ಅವಳಿಗೆ ಆಗಷ್ಟೇ ಗೊತ್ತಾಗಿದ್ದು. ನನಗೆ ಮೈಯೆಲ್ಲ ಉರಿಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದೆ. "ಅವಳು ಹಾಕಿದ ಬಟನ್ ಗಡಿಯಾರದ ಹಾಗೆ ಕೆಲಸ ಮಾಡುತ್ತೆ ಕಣೋ. ನಿನಗೆ ಒತ್ತೋಕೆ ಬರ್ಲಿಲ್ಲ."

"ಒತ್ತೋಕೆ ಬರ್ಲಿಲ್ವಾ? ಹತ್ತು ಸಲ ಒತ್ತಿದೆ, ಆ ದರಿದ್ರ ಬಟನ್—"

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

"ಹತ್ತು ಸಲ," ಅಂದ ಟಿಯರ್ನಿ ಮೆಲ್ಲಗೆ. "ಮೊದಲ ಸಲಕ್ಕೇ ಹಿಡೀತು ಅಂದೆಯಲ್ಲ?"

ಉತ್ತರಕ್ಕೆ ಕಾಯದೆ ಟಿಯರ್ನಿಯೇ ಹೇಳಿದ. "ನೀನು ಹಾಕಿದ ದೀಪದಿಂದಾಗಿ ಅದು ಹಿಡಿಯೋ ಹಾಗೇ ಇರ್ಲಿಲ್ಲ. ಅದು ನಿನಗೆ ಗೊತ್ತಿರ್ಲಿಲ್ಲ. ಯಾಕೆ ಹಿಡೀತಿಲ್ಲ ಅಂತ ತಲೆ ಬಗ್ಗಿಸಿ ಬಟನ್ ಒತ್ತುತ್ತಾ ಇದ್ದೆ. ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಐವನ್‌ಗೆ ಕಂಡಿದ್ದು ನಿನ್ನ ನೆತ್ತಿ ಮಾತ್ರ. ಬ್ರೇಕ್ ನೀನು ಮುಟ್ಟೇ ಇಲ್ಲ, ಅದಕ್ಕೇ ರಸ್ತೆ ಮೇಲೆ ಗೆರೆ ಇಲ್ಲ. ಕಾರು ನಿಂತ ಮೇಲೆ ಮೊದಲು ನೆನಪಾಗಿದ್ದು ನಿನ್ನ ಲೈಸೆನ್ಸ್. ಆಮೇಲೆ ಗ್ಲೆನಿಸ್ ಹೆಸರು."

"ಸುಗ್ಗಿ ಬಂತು," ಡೇಮಿಯನ್ ನೆಲ ನೋಡುತ್ತ ಅಂದ. "ಲಾರಿ ಇಲ್ದೆ ನಾನೇನು ಮಾಡ್ಲಿ?"

ಕ್ಲೈವ್ ಎದ್ದು ಬಂದು ಗ್ಲೆನಿಸ್ ಎದುರು ನಿಂತ. "ನಾನೂ ನಂಬಿಬಿಟ್ಟೆ ಕಣಮ್ಮ," ಅಂದ.

ಡೇಮಿಯನ್‌ನನ್ನು ಟಿಯರ್ನಿ ಜೀಪಿಗೆ ಹತ್ತಿಸಿದ. ಗ್ಲೆನಿಸ್ ಬರೆದಿಟ್ಟ ಹೇಳಿಕೆಯನ್ನು ನಾನು ಅವಳ ಜೇಬಿನಿಂದ ತೆಗೆದು, ಕ್ಲೈವ್‌ನ ಒಲೆಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ.

* * *

ಸಂಜೆ ಐದಕ್ಕೆ ನಾವಿಬ್ಬರೂ ಆಸ್ಪತ್ರೆಯಲ್ಲಿದ್ದೆವು. ಊಟದ ತಟ್ಟೆ ಆಗತಾನೆ ಬಂದಿತ್ತು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಐವನ್ ಪೂರ್ತಿ ಕೇಳಿದ.

"ಇಷ್ಟಕ್ಕೆ ಇಷ್ಟೊಂದು ಓಡಾಡಿದ್ರಾ?" ಅಂದ. "ಗ್ಲೆನಿಸ್ ತಪ್ಪು ಅಂತ ನಂಗೆ ಒಂದು ನಿಮಿಷಾನೂ ಅನ್ನಿಸ್ಲಿಲ್ಲ."

"ನಂಗನ್ನಿಸಿತ್ತು ಐವನ್," ಅಂದಳು ಗ್ಲೆನಿಸ್. ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಮೂರು ದಿನ, ನಿನ್ನ ಸೊಂಟ ಮುರಿದಿದ್ದು ನಾನೇ ಅಂತ ನಂಬಿಕೊಂಡೇ ಎದ್ದೆ, ನಂಬಿಕೊಂಡೇ ಮಲಗಿದೆ."

"ಈಗ?"

ಅವಳು ಊಟದ ತಟ್ಟೆಯ ಕಡೆ ನೋಡಿದಳು.

"ಈಗ ಹಸಿವಾಗ್ತಿದೆ."

ಐವನ್ ತನ್ನ ತಟ್ಟೆಯನ್ನು ಅವಳ ಕಡೆ ತಳ್ಳಿದ. ಕುರಿಮಾಂಸ, ಬಟಾಣಿ, ಕುಂಬಳಕಾಯಿ, ಒಂದು ಬಟ್ಟಲು ಹಳದಿ ಜೆಲ್ಲಿ. ಗ್ಲೆನಿಸ್ ಮಂಚದ ಅಂಚಿಗೆ ಕೂತು, ನಮ್ಮಿಬ್ಬರಿಗೂ ಬೇಕಾ ಅಂತ ಕೂಡ ಕೇಳದೆ, ಒಂದು ಬಟಾಣಿ ಬಿಡದೆ ತಿಂದು ಮುಗಿಸಿದಳು.